ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ (2005): ಪಿಸಿಯಲ್ಲಿ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಆಡಲು ಕೂತವರು, ಹತ್ತು ಹದಿನೈದು ವರ್ಷ ಬಿಟ್ಟು ಮತ್ತೆ ಹುಡುಕಿಕೊಂಡು ಬಂದವರು, ಅರ್ಧದಲ್ಲಿ ಸಿಕ್ಕಿಕೊಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪೊಲೀಸ್ ಬೆನ್ನಟ್ಟುವಿಕೆಯ ಬಗ್ಗೆ ಉತ್ತರ ಉದ್ದ ಆಗಿದೆ. ಈ ಆಟದ ಜೀವ ಇರುವುದೇ ಅಲ್ಲಿ ಎಂದು ನಂಬಿದವನು ನಾನು.

ಇದು ಎಂಥ ಆಟ? ಕಥೆ ಏನು?

ಕೆನಡಾದ ವ್ಯಾಂಕೂವರ್ ಕಡೆಯ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಕಂಪನಿಯ ಬ್ಲ್ಯಾಕ್ ಬಾಕ್ಸ್ ತಂಡ ಮಾಡಿದ ಕಾರ್ ರೇಸ್ ಆಟ, 2005ರ ನವೆಂಬರ್‌ನಲ್ಲಿ ಹೊರಬಂತು. ನಡೆಯುವುದು ರಾಕ್‌ಪೋರ್ಟ್ ಎಂಬ ಕಾಲ್ಪನಿಕ ಊರಲ್ಲಿ. ನೀವು ಬೆಳ್ಳಿ ನೀಲಿ ಬಣ್ಣದ ಬಿಎಂಡಬ್ಲ್ಯೂ ಎಂ3 ಜಿಟಿಆರ್ ಓಡಿಸಿಕೊಂಡು ಊರಿಗೆ ಬರುತ್ತೀರಿ. ರೇಜರ್ ಎಂಬವನು ನಿಮ್ಮ ಕಾರಿಗೆ ಕೈಯಾಡಿಸಿ, ರೇಸಿನ ನಡುವೆ ಎಣ್ಣೆ ಸೋರುವಂತೆ ಮಾಡಿ ಸೋಲಿಸುತ್ತಾನೆ. ಕಾರು ಅವನ ಪಾಲಾಗುತ್ತದೆ, ನೀವು ಸಾರ್ಜೆಂಟ್ ಕ್ರಾಸ್ ಕೈಗೆ ಸಿಕ್ಕಿ ಜೈಲು ಸೇರುತ್ತೀರಿ. ಸಾಕ್ಷ್ಯಕ್ಕೆ ಕಾರೇ ಇಲ್ಲದ ಕಾರಣ ಬಿಡುಗಡೆಯೂ ಆಗುತ್ತದೆ. ಹೊರಗೆ ಬರುವಷ್ಟರಲ್ಲಿ ರೇಜರ್ ನಿಮ್ಮದೇ ಕಾರಿನಲ್ಲಿ ಎಲ್ಲರನ್ನೂ ಸೋಲಿಸಿ ಬ್ಲ್ಯಾಕ್‌ಲಿಸ್ಟ್ ಎಂಬ ಹದಿನೈದು ರೇಸರ್‌ಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿರುತ್ತಾನೆ. ನೀವು ಹದಿನೈದನೆಯವನಾದ ಸನ್ನಿಯಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಇಳಿಸುತ್ತ ಮೇಲೆ ಹೋಗಬೇಕು. ಫೋನಿನಲ್ಲಿ ದಾರಿ ಹೇಳುವವಳು ಮಿಯಾ.

ಕಥೆಯ ದೃಶ್ಯಗಳಲ್ಲಿ ನಿಜವಾದ ನಟರು ಇದ್ದಾರೆ. ಮಿಯಾ ಪಾತ್ರ ಮಾಡಿದ್ದು ಜೋಸಿ ಮಾರನ್. ಕೊನೆ ಏನಾಗುತ್ತದೆ ಎಂದು ಇಲ್ಲಿ ಹೇಳುವುದಿಲ್ಲ, ಮೊದಲ ಸಲ ಆಡುವವರಿಗೆ ಅದು ಹಾಗೇ ಉಳಿಯಲಿ.

ಇಪ್ಪತ್ತು ವರ್ಷದ ಹಳೆಯ ಆಟಕ್ಕೆ ಇನ್ನೂ ಯಾಕೆ ಇಷ್ಟು ಅಭಿಮಾನಿಗಳು?

ನಮ್ಮ ಕಡೆ ಇದಕ್ಕೆ ಒಂದು ಸರಳ ಕಾರಣ ಇತ್ತು. ಈ ಆಟಕ್ಕೆ ಬೇಕಿದ್ದುದು 1.4 ಗಿಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 3 ಜಿಬಿ ಜಾಗ, ಹೇಗೋ ಒಂದು 32 ಎಂಬಿ ಗ್ರಾಫಿಕ್ಸ್. ಅಂದರೆ ಸೈಬರ್ ಕೆಫೆಯ ಪೆಂಟಿಯಂ ಫೋರ್, ಅಣ್ಣನ ಇಂಜಿನಿಯರಿಂಗ್ ಓದಿಗೆಂದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದ ಕಂಪ್ಯೂಟರು, ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಸುತ್ತ ಕೂತ ಒಂದೇ ಮಾನಿಟರ್, ಎಲ್ಲ ಕಡೆಯೂ ಓಡಿತು. ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಆಡಿದ ತಲೆಮಾರಿಗೆ ಕಾರ್ ರೇಸ್ ಅಂದರೆ ಇದೇ.

ಆದರೆ ಹಳೆಯ ನೆನಪೊಂದೇ ಕಾರಣ ಆಗಿದ್ದರೆ ಇವತ್ತು ಹದಿನಾರರ ಹುಡುಗರು ಇದನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಇದರಲ್ಲಿ ಕಳೆದುಕೊಳ್ಳುವ ಭಯ ಇದೆ. ಈಚಿನ ಎಷ್ಟೋ ರೇಸ್ ಆಟಗಳಲ್ಲಿ ಸೋತರೂ ಏನೋ ಒಂದು ಬಹುಮಾನ ಕೈಗೆ ಬರುತ್ತದೆ, ಗ್ಯಾರೇಜಿನಲ್ಲಿ ಐವತ್ತು ಕಾರು ಸುಮ್ಮನೆ ತುಂಬುತ್ತವೆ. ಇಲ್ಲಿ ಪೊಲೀಸರ ಕೈಗೆ ಸಿಕ್ಕಿದರೆ ದಂಡ ಬೀಳುತ್ತದೆ, ಕಾರಿನ ಮೇಲೆ ಗುರುತು ಬೀಳುತ್ತದೆ, ಮತ್ತೆ ಮತ್ತೆ ಸಿಕ್ಕಿದರೆ ಕಾರೇ ಹೋಗುತ್ತದೆ. ದುಡ್ಡು ಕೂಡಿಸಿ ಇಂಜಿನ್ ಹಾಕಿಸಿ, ಬಣ್ಣ ಹೊಡೆಸಿದ ಕಾರು. ಆ ಭಯ ಇರುವುದರಿಂದಲೇ ಪ್ರತಿ ಸಲ ತಪ್ಪಿಸಿಕೊಂಡಾಗ ಕೈ ನಡುಗುತ್ತದೆ. ಆಡಿದವರನ್ನು ಕೇಳಿ ನೋಡಿ: ಯಾವ ಸರ್ಕ್ಯೂಟ್ ರೇಸ್ ಗೆದ್ದೆ ಅಂತ ಯಾರಿಗೂ ನೆನಪಿರುವುದಿಲ್ಲ. ಇಪ್ಪತ್ತು ನಿಮಿಷ ಬೆನ್ನು ಬಿದ್ದ ಪೊಲೀಸರಿಂದ ಹೇಗೆ ಪಾರಾದೆ ಅಂತ ಪ್ರತಿಯೊಬ್ಬರೂ ಹೇಳುತ್ತಾರೆ, ಪ್ರತಿಯೊಬ್ಬರ ಕಥೆಯೂ ಬೇರೆ.

ಸುಮಾರು 1.6 ಕೋಟಿ ಪ್ರತಿ ಮಾರಾಟವಾದ ಆಟ ಇದು. ನೀಡ್ ಫಾರ್ ಸ್ಪೀಡ್ ಸರಣಿಯಲ್ಲೇ ಅತಿ ಹೆಚ್ಚು ಮಾರಾಟವಾದದ್ದೂ ಇದೇ.

ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ‘ಮೋಸ್ಟ್ ವಾಂಟೆಡ್’ ಅಂತ ಸಿಗುತ್ತದಲ್ಲ, ಅದೇನಾ ಇದು?

ಅಲ್ಲ. ಈ ಒಂದು ಗೊಂದಲದಿಂದ ದುಡ್ಡು ಹಾಕಿ ಬೇಸರಪಟ್ಟವರು ಬಹಳ. ಸ್ಟೀಮ್‌ನಲ್ಲೂ ಇಎ ಅಂಗಡಿಯಲ್ಲೂ ಸಿಗುವುದು 2012ರ ಮೋಸ್ಟ್ ವಾಂಟೆಡ್. ಅದನ್ನು ಮಾಡಿದ್ದು ಇಂಗ್ಲೆಂಡಿನ ಕ್ರೈಟೀರಿಯನ್ ತಂಡ. ಊರಿನ ಹೆಸರು ಫೇರ್‌ಹೇವನ್, ಅಲ್ಲಿ ರೇಜರ್ ಇಲ್ಲ, ಮಿಯಾ ಇಲ್ಲ, ಹೇಳಿಕೊಳ್ಳುವ ಕಥೆಯೂ ಇಲ್ಲ. ಹೆಚ್ಚಿನ ಕಾರುಗಳು ಊರಲ್ಲಿ ಅಲ್ಲಲ್ಲಿ ನಿಂತಿರುತ್ತವೆ, ಹೋಗಿ ಹತ್ತಿದರೆ ಆಯಿತು. ಅದು ಕೆಟ್ಟ ಆಟವಲ್ಲ, ಓಟದ ವೇಗ ಚೆನ್ನಾಗಿದೆ. ಆದರೆ ನೀವು ಹುಡುಕುತ್ತಿರುವುದು ಅದಲ್ಲ.

2005ರ ಆಟ ಇವತ್ತು ಯಾವ ಅಧಿಕೃತ ಆನ್‌ಲೈನ್ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ನ್ಯಾಯವಾಗಿ ಆಡಬೇಕೆಂದರೆ ಹಳೆಯ ಡಿಸ್ಕ್ ಬೇಕು. ಹಳೆಯ ಸಾಮಾನು ಮಾರುವವರ ಹತ್ತಿರ, ಗೆಳೆಯರ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಈಗಲೂ ಸಿಗುತ್ತವೆ.

ಹಳೆಯ ಡಿಸ್ಕ್ ಇದೆ. ವಿಂಡೋಸ್ 10 ಅಥವಾ 11ರಲ್ಲಿ ಯಾಕೆ ತೆರೆಯುವುದಿಲ್ಲ?

ಡಿಸ್ಕ್ ಕೆಟ್ಟಿರಬೇಕೆಂದು ಎಸೆಯಬೇಡಿ. ಆ ಕಾಲದ ಡಿಸ್ಕ್‌ಗಳಲ್ಲಿ ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ಬೀಗ ಇರುತ್ತಿತ್ತು. ಅದು ಕೆಲಸ ಮಾಡಲು ವಿಂಡೋಸ್‌ನೊಳಗೆ ಒಂದು ಡ್ರೈವರ್ ಬೇಕಿತ್ತು. ಆ ಡ್ರೈವರ್‌ನಿಂದ ಭದ್ರತೆಗೆ ಅಪಾಯ ಇದೆ ಎಂದು ಮೈಕ್ರೋಸಾಫ್ಟ್ 2015ರಲ್ಲಿ ಬಂದ ವಿಂಡೋಸ್ 10ರಿಂದ ಅದನ್ನು ಕೈಬಿಟ್ಟಿತು, ಅದೇ ವರ್ಷ ಹಳೆಯ ವಿಂಡೋಸ್‌ಗಳಲ್ಲೂ ಒಂದು ಅಪ್‌ಡೇಟ್ ಮೂಲಕ ನಿಲ್ಲಿಸಿತು. ಹೀಗಾಗಿ ಆಟ ಇನ್‌ಸ್ಟಾಲ್ ಆದರೂ ಶುರುವಾಗುವುದಿಲ್ಲ.

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಮೂಲೆಯಲ್ಲಿದ್ದರೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಇಂಟರ್ನೆಟ್ ಜೋಡಿಸದೆ ಆಟಕ್ಕಷ್ಟೇ ಇಟ್ಟುಕೊಳ್ಳಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ‘ಫ್ರೀ ಡೌನ್‌ಲೋಡ್, ಫುಲ್ ವರ್ಷನ್’ ಅಂತ ಹತ್ತು ಹಸಿರು ಬಟನ್ ತೋರಿಸುವ ಜಾಗಗಳಿಂದ ಏನನ್ನೂ ಇಳಿಸಬೇಡಿ. ಆಂಟಿವೈರಸ್ ಆಫ್ ಮಾಡಿ ಅಂತ ಅವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮನೆಯವರ ಬ್ಯಾಂಕ್ ಕೆಲಸವೂ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿರುತ್ತದೆ.

ಈಗಿನ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಅಡ್ಡಕ್ಕೆ ಎಳೆದಂತೆ ಕಾಣುತ್ತದೆ. ಏನು ಮಾಡಲಿ?

ಆಗಿನ ಮಾನಿಟರ್‌ಗಳು ಹೆಚ್ಚುಕಡಿಮೆ ಚೌಕ. ಆಟದ ಪಿಸಿ ಆವೃತ್ತಿ ಅಗಲ ಪರದೆಗೆ ಹೊಂದಿಕೊಳ್ಳುವಂತೆ ಮಾಡಿದ್ದಲ್ಲ. ಅದಕ್ಕೇ ಕಾರು ಅಗಲವಾಗಿ, ಚಕ್ರ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಅಭಿಮಾನಿಗಳು ಮಾಡಿರುವ ವೈಡ್‌ಸ್ಕ್ರೀನ್ ಫಿಕ್ಸ್ ಎಂಬ ಚಿಕ್ಕ ಸೇರ್ಪಡೆ ಉಚಿತವಾಗಿ ಸಿಗುತ್ತದೆ. ಅದರ ಫೈಲುಗಳನ್ನು ಆಟ ಇರುವ ಫೋಲ್ಡರಿಗೆ ಹಾಕಿದರೆ ಚಿತ್ರ ಸರಿಯಾದ ಅಳತೆಗೆ ಬರುತ್ತದೆ, ಎಕ್ಸ್‌ಬಾಕ್ಸ್ ಕಂಟ್ರೋಲರ್ ಕೂಡ ಸಲೀಸಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಮೊದಲು ಆಟದ ದೋಷ ಸರಿಪಡಿಸಲು ಇಎ ಕೊಟ್ಟ ಕೊನೆಯ ಪ್ಯಾಚ್, ಅಂದರೆ 1.3, ಹಾಕಿರಬೇಕು. ‘ಫಿಕ್ಸ್ ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಕೀಬೋರ್ಡಿನಲ್ಲಿ ಆಡಬಹುದಾ? ಸ್ಟಿಯರಿಂಗ್ ವೀಲ್ ಬೇಕಾ?

ಧಾರಾಳವಾಗಿ ಕೀಬೋರ್ಡಿನಲ್ಲೇ ಆಡಿ. ಇದು ನಿಜವಾದ ಕಾರಿನಂತೆ ಓಡಿಸಬೇಕಾದ ಸಿಮ್ಯುಲೇಟರ್ ಅಲ್ಲ, ಸುಲಭದ ಆರ್ಕೇಡ್ ಆಟ. ಬಾಣದ ಗುರುತಿನ ಕೀ ಒತ್ತಿ ಹಿಡಿದರೂ ಚಕ್ರ ಮೆಲ್ಲಗೆ ತಿರುಗುವಂತೆ ಆಟವೇ ನೋಡಿಕೊಳ್ಳುತ್ತದೆ. ನಾವೆಲ್ಲ ಆಡಿ ಮುಗಿಸಿದ್ದು ಕೀಬೋರ್ಡಿನಲ್ಲೇ.

ಒಂದು ತೊಂದರೆ ಮಾತ್ರ ನಿಜ. ಕಡಿಮೆ ಬೆಲೆಯ ಕೀಬೋರ್ಡ್‌ಗಳಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಒಂದು ದಾಖಲೇ ಆಗುವುದಿಲ್ಲ. ಆಕ್ಸಿಲರೇಟರ್ ಒತ್ತಿ, ಎಡಕ್ಕೆ ತಿರುಗಿಸುತ್ತ, ನೈಟ್ರಸ್ (ಸ್ವಲ್ಪ ಹೊತ್ತು ವೇಗ ಹೆಚ್ಚಿಸುವ ಸೌಲಭ್ಯ) ಒತ್ತಿದರೆ ನೈಟ್ರಸ್ ಬರುವುದೇ ಇಲ್ಲ. ಆಟ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಕಂಟ್ರೋಲ್ಸ್ ಮೆನುವಿಗೆ ಹೋಗಿ ನೈಟ್ರಸ್ಸನ್ನು ಶಿಫ್ಟ್ ಅಥವಾ ಕಂಟ್ರೋಲ್ ಕೀಗೆ ಬದಲಾಯಿಸಿ ನೋಡಿ. ಬಹಳಷ್ಟು ಕೀಬೋರ್ಡ್‌ಗಳಲ್ಲಿ ಆ ಕೀಗಳು ಬೇರೆಯವುಗಳ ಜೊತೆ ಜಗಳ ಮಾಡುವುದಿಲ್ಲ.

ಮೊದಲು ಯಾವ ಕಾರು ಕೊಳ್ಳಲಿ?

ಶುರುವಿನಲ್ಲಿ ಕೈಗೆಟುಕುವುದು ನಾಲ್ಕು: ಷೆವರ್ಲೆ ಕೋಬಾಲ್ಟ್ ಎಸ್‌ಎಸ್, ಲೆಕ್ಸಸ್ ಐಎಸ್300, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಫಿಯಟ್ ಪುಂಟೊ. ಕಣ್ಣು ಮುಚ್ಚಿ ಕೋಬಾಲ್ಟ್ ತೆಗೆದುಕೊಳ್ಳಿ. ಅದಕ್ಕೆ ಬಿಡಿಭಾಗ ಹಾಕಿಸುತ್ತ ಹೋದರೆ ಪಟ್ಟಿಯ ಬಹುದೂರದವರೆಗೂ ಜೊತೆ ಕೊಡುತ್ತದೆ. ಗಾಲ್ಫ್ ಮೇಲೆ ಆಸೆ ಇದ್ದರೆ ತಡೆಯಿರಿ, ಸನ್ನಿ ಓಡಿಸುವುದು ಅದನ್ನೇ, ಗೆದ್ದು ತೆಗೆದುಕೊಳ್ಳುವ ಅವಕಾಶ ಇದೆ. 2009ರಲ್ಲಿ ನಮ್ಮ ರಸ್ತೆಗೆ ಗ್ರಾಂಡೆ ಪುಂಟೊ ಬಂದಾಗ ಈ ಆಟ ಆಡಿದವರೆಲ್ಲ ತಿರುಗಿ ನೋಡಿದ್ದುಂಟು. ಆಟದಲ್ಲಿರುವುದು ಅದಕ್ಕಿಂತ ಹಿಂದಿನ ಮಾದರಿ.

ಆಮೇಲೆ ಬರುವ ಕಾರುಗಳ ವಿಷಯ ನಿಮ್ಮ ಕೈಗೆ ಬಿಟ್ಟದ್ದು. ಬಿಗಿಯಾಗಿ ತಿರುಗಬೇಕು ಅನ್ನುವವರಿಗೆ ಲ್ಯಾನ್ಸರ್ ಇವೊ. ಎಲ್ಲದರಲ್ಲೂ ಸಮನಾಗಿರಬೇಕು ಅನ್ನುವವರಿಗೆ ಮಿಂಗ್ ಓಡಿಸುವ ಲ್ಯಾಂಬೋರ್ಗಿನಿ ಗಲಾರ್ಡೊ. ವೇಗವೇ ಬೇಕು ಅನ್ನುವವರಿಗೆ ಪೋರ್ಷೆ ಕರೇರಾ ಜಿಟಿ, ಆದರೆ ಅದನ್ನು ತಿರುವಿನಲ್ಲಿ ಹಿಡಿಯಲು ಅಭ್ಯಾಸ ಬೇಕು.

ಪೊಲೀಸರಿಂದ ತಪ್ಪಿಸಿಕೊಳ್ಳುವುದು ಹೇಗೆ? ಪ್ರತಿ ಸಲ ಸಿಕ್ಕಿಬೀಳುತ್ತೇನೆ.

ಮೊದಲು ತಿಳಿಯಬೇಕಾದದ್ದು: ವೇಗದಿಂದಷ್ಟೇ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹೆದ್ದಾರಿಯಲ್ಲಿ ನೇರ ಓಡುತ್ತಲೇ ಇದ್ದರೆ ಮುಂದೆ ರೋಡ್‌ಬ್ಲಾಕ್ ಎದ್ದೇ ಏಳುತ್ತದೆ. ತಪ್ಪಿಸಿಕೊಳ್ಳುವುದು ಅಂದರೆ ಅವರ ಕಣ್ಣಿಂದ ಮರೆಯಾಗುವುದು.

ಆಟ ಎಷ್ಟು ಕಠಿಣ ಎನ್ನುವುದನ್ನು ಹೀಟ್ ಎಂಬ ಅಂಕಿ ಹೇಳುತ್ತದೆ. ಒಂದರಲ್ಲಿ ಊರಿನ ಸಾಮಾನ್ಯ ಪೊಲೀಸ್ ಕಾರುಗಳು ಬರುತ್ತವೆ, ಕುಟ್ಟಿದರೆ ಹಿಂದುಳಿಯುತ್ತವೆ. ಮೇಲೇರಿದಂತೆ ಕಾರುಗಳ ಬಲ ಹೆಚ್ಚುತ್ತದೆ, ರೈನೊ ಎಂಬ ದೊಡ್ಡ ಎಸ್‌ಯುವಿಗಳು ಎದುರಿನಿಂದ ನೇರ ನಿಮ್ಮ ಮೇಲೆ ನುಗ್ಗುತ್ತವೆ, ರಸ್ತೆ ಮೇಲೆ ಮುಳ್ಳುಪಟ್ಟಿ ಹಾಸುತ್ತಾರೆ, ಹೆಲಿಕಾಪ್ಟರ್ ಬರುತ್ತದೆ. ಐದರಲ್ಲಿ ಬೆನ್ನಟ್ಟುವುದು ಕಾರ್ವೆಟ್‌ಗಳು. ಅವುಗಳನ್ನು ವೇಗದಲ್ಲಿ ಹಿಂದೆ ಹಾಕುತ್ತೇನೆ ಅನ್ನುವ ಆಸೆ ಬಿಡಿ.

ಕಿವಿ ಕೊಟ್ಟು ಆಡಿ. ಇದು ನಾನು ಎಲ್ಲರಿಗೂ ಹೇಳುವ ಮೊದಲ ಮಾತು. ಬೆನ್ನಟ್ಟುವಾಗ ಪೊಲೀಸರ ವೈರ್‌ಲೆಸ್ ನಿಮಗೆ ಕೇಳಿಸುತ್ತಿರುತ್ತದೆ. ನಿಮ್ಮ ಕಾರಿನ ಬಣ್ಣ ಯಾವುದು, ಯಾವ ಕಡೆ ತಿರುಗಿದಿರಿ, ಎಷ್ಟು ವೇಗದಲ್ಲಿದ್ದೀರಿ ಎಲ್ಲವನ್ನೂ ಅವರು ಒಬ್ಬರಿಗೊಬ್ಬರು ಹೇಳುತ್ತಾರೆ. ರೋಡ್‌ಬ್ಲಾಕ್ ಕೇಳುವುದೂ, ಮುಳ್ಳುಪಟ್ಟಿ ಹಾಸಲು ಹೇಳುವುದೂ ಅಲ್ಲೇ. ಹಾಡು ಜೋರಾಗಿ ಹಾಕಿಕೊಂಡು ಆಡುವವರು ಇದನ್ನು ಕಳೆದುಕೊಳ್ಳುತ್ತಾರೆ. ಸೌಂಡ್ ಮೆನುವಿನಲ್ಲಿ ಸಂಗೀತ ಸ್ವಲ್ಪ ಇಳಿಸಿ, ಮಾತು ಏರಿಸಿ. ಆದರೆ ಸಂಗೀತವನ್ನು ಪೂರ್ತಿ ಮುಚ್ಚಬೇಡಿ. ಪಾಲ್ ಲಿನ್‌ಫೋರ್ಡ್ ಬರೆದ ಬೆನ್ನಟ್ಟುವಿಕೆಯ ಸಂಗೀತ ನಿಮ್ಮ ಸ್ಥಿತಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ.

ರೋಡ್‌ಬ್ಲಾಕ್ ಕಂಡಾಗ ಬ್ರೇಕ್ ಒತ್ತಿದರೆ ಕಥೆ ಮುಗಿಯಿತು. ಅಡ್ಡ ನಿಂತ ಕಾರಿನ ಹಿಂಭಾಗಕ್ಕೆ, ಡಿಕ್ಕಿಯ ಕಡೆಗೆ, ಗುರಿ ಇಟ್ಟು ನುಗ್ಗಿ. ಇಂಜಿನ್ ಇರುವ ಮುಂಭಾಗ ಭಾರ, ಹಿಂಭಾಗ ತಿರುಗಿ ದಾರಿ ಬಿಡುತ್ತದೆ. ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಅಲ್ಲಿ ಮುಳ್ಳುಪಟ್ಟಿ ಇದೆಯಾ ಅಂತ ನೋಡಿಯೇ ಹೋಗಿ. ಟೈರ್ ಒಡೆದ ಮೇಲೆ ಪಾರಾಗುವುದು ಅಪರೂಪ. ನೋಡಲು ಸಮಯ ಬೇಕಲ್ಲ, ಅದಕ್ಕೇ ಸ್ಪೀಡ್‌ಬ್ರೇಕರ್ ಇದೆ. ಆ ಕೀ ಒತ್ತಿದರೆ ಕಾಲ ನಿಧಾನವಾಗಿ ಇಡೀ ದೃಶ್ಯ ನೀರಿನೊಳಗೆ ನಡೆದಂತೆ ಸಾಗುತ್ತದೆ. ಎದುರಿನಿಂದ ರೈನೊ ಬಂದಾಗಲೂ ಇದೇ ಉಪಾಯ: ಕೊನೆಯ ಗಳಿಗೆಯವರೆಗೆ ನೇರ ಹೋಗಿ, ಸ್ಪೀಡ್‌ಬ್ರೇಕರ್ ಒತ್ತಿ, ಪಕ್ಕಕ್ಕೆ ಸರಿಯಿರಿ. ಬೇಗ ಸರಿದರೆ ಅವರೂ ಸರಿಯುತ್ತಾರೆ.

ಇನ್ನು ಪರ್ಸ್ಯೂಟ್ ಬ್ರೇಕರ್. ಚಿಕ್ಕ ನಕ್ಷೆಯಲ್ಲಿ ಕೆಂಪು ತ್ರಿಕೋನ ಕಾಣುತ್ತದಲ್ಲ, ಅವು. ಪೆಟ್ರೋಲ್ ಬಂಕ್, ನೀರಿನ ಟ್ಯಾಂಕ್, ಕಟ್ಟಡದ ಸಾರುವೆ, ಅಂಗಡಿಯ ಮೇಲಿನ ದೈತ್ಯ ಡೋನಟ್, ಹೀಗೆ ಊರ ತುಂಬ ಇವೆ. ನೀವು ಕಂಬಕ್ಕೆ ಗುದ್ದಿ ದಾಟಿದರೆ ಅದು ಹಿಂದೆ ಬರುವ ಪೊಲೀಸರ ಮೇಲೆ ಉರುಳುತ್ತದೆ. ಹೊಸಬರು ಕಂಡ ತಕ್ಷಣ ಬಳಸಿಬಿಡುತ್ತಾರೆ. ಒಮ್ಮೆ ಬಿದ್ದದ್ದು ಆ ಬೆನ್ನಟ್ಟುವಿಕೆ ಮುಗಿಯುವವರೆಗೆ ಮತ್ತೆ ನಿಲ್ಲುವುದಿಲ್ಲ. ಹಿಂದೆ ಐದಾರು ಕಾರು ಒತ್ತೊತ್ತಾಗಿ ಬರುವವರೆಗೆ ತಾಳ್ಮೆಯಿಂದ ಕಾದು ಬೀಳಿಸಿ. ಬೀಳಿಸಿದ ಕೂಡಲೇ ಮುಖ್ಯ ರಸ್ತೆ ಬಿಟ್ಟು ಒಳದಾರಿ ಹಿಡಿಯಿರಿ.

ಪೊಲೀಸರು ಹಿಂದುಳಿದರೂ ಮತ್ತೆ ಹೇಗೆ ಹುಡುಕಿ ಬರುತ್ತಾರೆ?

ಕಣ್ಣಿಂದ ಮರೆಯಾದರೆ ಕೂಲ್‌ಡೌನ್ ಶುರುವಾಗುತ್ತದೆ. ಅದರ ಪಟ್ಟಿ ಪೂರ್ತಿ ತುಂಬುವವರೆಗೆ ನೀವು ಪಾರಾಗಿಲ್ಲ. ಆಗ ನಕ್ಷೆಯಲ್ಲಿ ಅಡಗುವ ಜಾಗಗಳು ತೋರುತ್ತವೆ, ಅಲ್ಲಿ ಹೋಗಿ ನಿಂತರೆ ಪಟ್ಟಿ ಬೇಗ ತುಂಬುತ್ತದೆ.

ಕಟ್ಟಡದ ಸಂದಿಯೊಳಗೆ ಕಾರು ನುಗ್ಗಿಸಿ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಸಂಗೀತ ತಗ್ಗಿದೆ. ನಕ್ಷೆಯಲ್ಲಿ ಒಂದು ಪೊಲೀಸ್ ಗುರುತು ನಿಮ್ಮ ಬೀದಿಗೆ ತಿರುಗುತ್ತದೆ. ಸೈರನ್ ಹತ್ತಿರವಾಗುತ್ತದೆ. ಪಟ್ಟಿ ಮುಕ್ಕಾಲು ತುಂಬಿದೆ. ಓಡಲೇ, ನಿಲ್ಲಲೇ? ಬೆರಳು ಆಕ್ಸಿಲರೇಟರ್ ಕೀ ಮೇಲೆ ಇದೆ, ಒತ್ತಿಲ್ಲ. ಕಾರು ಸಂದಿಯ ಬಾಯಿ ದಾಟಿ ಮುಂದೆ ಹೋಗುತ್ತದೆ. ಸೈಬರ್ ಕೆಫೆಯಲ್ಲಿ ಹಿಂದೆ ನಿಂತು ನೋಡುತ್ತಿದ್ದ ಹುಡುಗರೂ ಈ ಗಳಿಗೆಯಲ್ಲಿ ಮಾತು ನಿಲ್ಲಿಸುತ್ತಿದ್ದರು. ಇನ್ನೂರು ಕಿಲೋಮೀಟರ್ ವೇಗದ ಆಟವೊಂದು ನಿಂತ ಕಾರಿನಲ್ಲಿ ಎದೆ ಬಡಿತ ಹೆಚ್ಚಿಸುತ್ತದೆ ಅಂದರೆ ಅದನ್ನು ರೂಪಿಸಿದವರ ಜಾಣ್ಮೆಗೆ ಕೈ ಮುಗಿಯಬೇಕು.

ಉತ್ತರ ಕೇಳಿದರೆ: ನಿಲ್ಲಿ. ನಿಮ್ಮ ಮೇಲೆ ಅವರ ಕಣ್ಣು ಬಿದ್ದಿದೆ ಅಂತ ಆಟ ತೋರಿಸುವವರೆಗೆ ಅಲುಗಾಡಬೇಡಿ. ಹೆಲಿಕಾಪ್ಟರ್ ಇದ್ದರೆ ಮಾತ್ರ ಬೇರೆ ಲೆಕ್ಕ. ಮೇಲಿಂದ ನೋಡುವ ಅದಕ್ಕೆ ಕಾಣದಂತೆ ಸುರಂಗ, ಮೇಲ್ಸೇತುವೆಯ ಕೆಳಗಿನ ದಾರಿ ಹುಡುಕಿ.

ನನ್ನ ಕಾರನ್ನು ಪೊಲೀಸರು ತೆಗೆದುಕೊಂಡು ಹೋದರು. ವಾಪಸ್ ಸಿಗುತ್ತದಾ?

ಸಾಮಾನ್ಯವಾಗಿ ಇಲ್ಲ. ಪ್ರತಿ ಕಾರಿಗೂ ಮೂರು ಚೌಕ ಇರುತ್ತವೆ. ಸಿಕ್ಕಿಬಿದ್ದಾಗಲೆಲ್ಲ ಒಂದು ತುಂಬುತ್ತದೆ, ದಂಡವನ್ನೂ ಕಟ್ಟಬೇಕು. ಮೂರೂ ತುಂಬಿದರೆ ಕಾರು ಜಪ್ತಿ. ದಂಡ ಕಟ್ಟಲು ದುಡ್ಡಿಲ್ಲದಿದ್ದರೂ ಜಪ್ತಿ. ಇದ್ದ ಒಂದೇ ಕಾರು ಹೋಗಿ, ಇನ್ನೊಂದು ಕೊಳ್ಳಲು ದುಡ್ಡೂ ಇಲ್ಲದಿದ್ದರೆ ಆಟವೇ ಮುಗಿಯಿತು.

ಜಪ್ತಿಯಾದ ಕಾರು ಬಿಡಿಸುವ, ಒಂದು ಸಲ ಜೈಲಿನಿಂದ ಬಿಡಿಸುವ, ಚೌಕ ಹೆಚ್ಚಿಸುವ ಚೀಟಿಗಳು ಬ್ಲ್ಯಾಕ್‌ಲಿಸ್ಟ್ ಎದುರಾಳಿಯನ್ನು ಸೋಲಿಸಿದಾಗ ಸಿಗುವುದುಂಟು. ಅವನ್ನು ಇಟ್ಟುಕೊಳ್ಳಿ. ಎರಡನೇ ಕಾರೊಂದನ್ನು ಯಾವಾಗಲೂ ಗ್ಯಾರೇಜಿನಲ್ಲಿ ಇಟ್ಟುಕೊಳ್ಳುವುದು ಅದಕ್ಕಿಂತ ಒಳ್ಳೆಯದು. ಒಂದರ ಹೀಟ್ ಏರಿದಾಗ ಇನ್ನೊಂದರಲ್ಲಿ ರೇಸ್ ಆಡಿ. ಕಾರಿನ ಬಣ್ಣ, ಚಕ್ರ, ಬಾಡಿ ಕಿಟ್ ಬದಲಾಯಿಸಿದರೂ ಹೀಟ್ ಇಳಿಯುತ್ತದೆ.

ಎದುರಾಳಿಯನ್ನು ಸೋಲಿಸಿದ ಮೇಲೆ ಆರು ಚೀಟಿ ಬರುತ್ತವೆ. ಯಾವುದನ್ನು ಆರಿಸಲಿ?

ಎರಡನ್ನು ಆರಿಸಬಹುದು. ಮೂರರಲ್ಲಿ ಏನಿದೆ ಅಂತ ಕಾಣುತ್ತದೆ, ವಿಶೇಷ ಬಿಡಿಭಾಗಗಳು. ಇನ್ನು ಮೂರರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಎದುರಾಳಿಯ ಕಾರು ನಿಮ್ಮದಾಗುವ ಪಿಂಕ್ ಸ್ಲಿಪ್ ಆ ಮೂರರಲ್ಲಿ ಒಂದರಡಿ ಅಡಗಿರಬಹುದು. ನನ್ನ ಸಲಹೆ: ಎರಡನ್ನೂ ಪ್ರಶ್ನಾರ್ಥಕದಲ್ಲೇ ಆರಿಸಿ. ದುಡ್ಡು ಕೊಟ್ಟು ಕೊಳ್ಳುವ ಕಾರಿಗಿಂತ ಗೆದ್ದ ಕಾರಿನ ಖುಷಿ ದೊಡ್ಡದು. ಅವು ಬಿಡಿಭಾಗ ಹಾಕಿಸಿಕೊಂಡೇ ಬರುತ್ತವೆ, ಬೇಡವಾದರೆ ಮಾರಿದರೂ ಕೈತುಂಬ ದುಡ್ಡು.

ನಾನು ಎಷ್ಟೇ ಚೆನ್ನಾಗಿ ಓಡಿಸಿದರೂ ಎದುರಾಳಿ ಹಿಂದೆಯೇ ಅಂಟಿಕೊಂಡಿರುತ್ತಾನೆ. ಇದು ಮೋಸ ಅಲ್ಲವಾ?

ನಿಮ್ಮ ಅನುಮಾನ ಸರಿ. ನೀವು ಮುಂದೆ ಹೋದರೆ ಎದುರಾಳಿಯ ವೇಗ ಹೆಚ್ಚುತ್ತದೆ, ಹಿಂದುಳಿದರೆ ಅವನೂ ನಿಧಾನಿಸುತ್ತಾನೆ. ರೇಸ್ ಕೊನೆಯವರೆಗೂ ಬಿಗಿಯಾಗಿರಲಿ ಅಂತ ಮಾಡಿದ್ದು. ರೇಜರ್ ಜೊತೆಗಿನ ರೇಸುಗಳಲ್ಲಿ ಇದು ಎದ್ದು ಕಾಣುತ್ತದೆ. ಈ ಆಟದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಅಂದರೆ ಇದೊಂದೇ. ಚೆನ್ನಾಗಿ ಓಡಿಸಿದವನಿಗೆ ಅದರ ಫಲ ಸಿಗಬೇಕು.

ಹಾಗಂತ ಗೆಲ್ಲಲು ಆಗದು ಅಂತಲ್ಲ. ಮೊದಲ ಸುತ್ತಿನಲ್ಲೇ ದೂರ ಹೋಗುವ ಪ್ರಯತ್ನ ಬಿಡಿ, ಫಲ ಇಲ್ಲ. ನೈಟ್ರಸ್ ತುಂಬಿಸಿಟ್ಟುಕೊಂಡು ಕೊನೆಯ ನೇರ ರಸ್ತೆಗೆ ಉಳಿಸಿ. ರೇಸ್ ನಡುವೆ ಆಟವನ್ನು ತಡೆಹಿಡಿದು (ಪಾಜ್ ಮಾಡಿ) ಪರ್ಫಾರ್ಮೆನ್ಸ್ ಟ್ಯೂನಿಂಗ್ ತೆರೆದರೆ ಸ್ಟಿಯರಿಂಗ್, ಬ್ರೇಕ್, ಏರೊಡೈನಮಿಕ್ಸ್, ನೈಟ್ರಸ್ ಎಲ್ಲವನ್ನೂ ಆ ದಾರಿಗೆ ತಕ್ಕಂತೆ ಬದಲಾಯಿಸಬಹುದು. ಇದು ಇದೆ ಅಂತ ಎಷ್ಟೋ ಜನಕ್ಕೆ ಆಟ ಮುಗಿಸಿದ ಮೇಲೂ ಗೊತ್ತಿರುವುದಿಲ್ಲ.

ಸ್ಪೀಡ್‌ಟ್ರ್ಯಾಪ್ ರೇಸಿನಲ್ಲಿ ಮೊದಲು ಮುಟ್ಟಿದರೂ ಯಾಕೆ ಸೋಲುತ್ತೇನೆ?

ಅಲ್ಲಿ ಲೆಕ್ಕಕ್ಕೆ ಬರುವುದು ಕ್ಯಾಮೆರಾ ದಾಟುವಾಗಿನ ವೇಗಗಳ ಮೊತ್ತ. ಪ್ರತಿ ಕ್ಯಾಮೆರಾಕ್ಕೆ ಸ್ವಲ್ಪ ಮೊದಲು ನೈಟ್ರಸ್ ಒತ್ತಿ. ಒಬ್ಬ ಮುಟ್ಟಿದ ಮೇಲೆ ಉಳಿದವರ ಅಂಕ ಕರಗುತ್ತ ಹೋಗುತ್ತದೆ, ಹಾಗಾಗಿ ತೀರ ಹಿಂದೆಯೂ ಉಳಿಯಬೇಡಿ. ನೇರ ರಸ್ತೆಯಲ್ಲಿ ಓಡುವ ಡ್ರ್ಯಾಗ್ ರೇಸ್ ಕಷ್ಟ ಅನ್ನುವವರಿಗೂ ಎರಡು ಮಾತು: ಗೇರ್ ನೀವೇ ಬದಲಾಯಿಸಬೇಕು, ಸೂಜಿ ಕೆಂಪಿನಲ್ಲಿ ಬಹಳ ಹೊತ್ತು ನಿಂತರೆ ಇಂಜಿನ್ ಸುಟ್ಟುಹೋಗುತ್ತದೆ. ಎದುರಿನ ವಾಹನಕ್ಕೆ ನೇರ ಗುದ್ದಿದರೆ ರೇಸ್ ಅಲ್ಲಿಗೇ ಮುಗಿಯಿತು.

ಕರೆಂಟ್ ಹೋಗಿ ಸೇವ್ ಹಾಳಾಯಿತು. ಉಳಿಸಿಕೊಳ್ಳುವ ದಾರಿ ಇದೆಯಾ?

ಹಾಳಾದದ್ದನ್ನು ಸರಿ ಮಾಡುವುದು ಕಷ್ಟ. ಮುಂಚೆಯೇ ನಕಲು ಇಟ್ಟುಕೊಳ್ಳಿ. ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ‘ಎನ್‌ಎಫ್‌ಎಸ್ ಮೋಸ್ಟ್ ವಾಂಟೆಡ್’ ಹೆಸರಿನ ಫೋಲ್ಡರ್ ಇರುತ್ತದೆ, ಅದರೊಳಗೆ ನಿಮ್ಮ ಪ್ರೊಫೈಲ್. ಪ್ರತಿ ಬ್ಲ್ಯಾಕ್‌ಲಿಸ್ಟ್ ಎದುರಾಳಿ ಬಿದ್ದ ಮೇಲೆ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ. ಲೋಡ್ ಶೆಡ್ಡಿಂಗ್ ಇರುವ ಊರಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆಡುವವರಿಗೆ ಇದು ಬೇಕೇ ಬೇಕು, ಆಟ ಸೇವ್ ಮಾಡುವ ಗಳಿಗೆಯಲ್ಲೇ ಕರೆಂಟ್ ಹೋದರೆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ವಿಂಡೋಸ್ 11ರಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗಿರಬಹುದು, ಸೇವ್ ಕಾಣದಿದ್ದರೆ ಅಲ್ಲಿ ಹುಡುಕಿ.

ಆ ಎಂ3 ಜಿಟಿಆರ್ ನಿಜವಾಗಿ ಇತ್ತಾ?

ಇತ್ತು, ಅದರ ಕಥೆಯೂ ಆಟದಷ್ಟೇ ಸ್ವಾರಸ್ಯದ್ದು. ಬಿಎಂಡಬ್ಲ್ಯೂ 2001ರಲ್ಲಿ ಅಮೆರಿಕನ್ ಲ ಮಾನ್ಸ್ ಎಂಬ ಕಾರ್ ರೇಸ್ ಸರಣಿಯ ಜಿಟಿ ವಿಭಾಗಕ್ಕೆಂದು ಎಂ3 ಕಾರಿಗೆ ಎಂಟು ಸಿಲಿಂಡರಿನ, 4 ಲೀಟರಿನ ವಿ8 ಇಂಜಿನ್ ಹಾಕಿ ಇಳಿಸಿತು. ಮಾಮೂಲಿ ಎಂ3ಯಲ್ಲಿದ್ದುದು ಆರು ಸಿಲಿಂಡರ್. ಆ ವರ್ಷ ವಿಭಾಗದ ಪ್ರಶಸ್ತಿ ಅದಕ್ಕೇ ಬಂತು. ರಸ್ತೆಗೆ ಇಷ್ಟು ಸಂಖ್ಯೆಯಲ್ಲಿ ಮಾರಲೇಬೇಕು ಎಂದು ಮರುವರ್ಷ ನಿಯಮ ಬಿಗಿಯಾದಾಗ ಬಿಎಂಡಬ್ಲ್ಯೂ ಆ ಸರಣಿಯಿಂದ ಹಿಂದೆ ಸರಿಯಿತು. ಆಮೇಲೆ ಶ್ನಿಟ್ಸರ್ ತಂಡ ಅದೇ ಕಾರಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಡೆಯುವ 24 ಗಂಟೆ ಓಟವನ್ನು 2004 ಮತ್ತು 2005ರಲ್ಲಿ ಗೆದ್ದಿತು. ಎರಡನೆಯ ಗೆಲುವು ಈ ಆಟ ಬಂದ ವರ್ಷವೇ.

ಆಟದಲ್ಲಿ ಗೇರ್ ಬಿದ್ದಾಗ ಕೇಳುವ ಆ ಕೀರಲು ಸದ್ದು ರೇಸ್ ಗೇರ್‌ಬಾಕ್ಸಿನದು. ನೇರ ಹಲ್ಲಿನ ಗೇರುಗಳು ಒಂದಕ್ಕೊಂದು ಕೂಡುವಾಗ ಹಾಗೆ ಕೂಗುತ್ತವೆ. ಹೆಡ್‌ಫೋನ್ ಹಾಕಿಕೊಂಡು ಮೊದಲ ರೇಸ್ ಆಡಿ ನೋಡಿ, ಇಂಜಿನ್ ಸದ್ದಿನ ಮೇಲೆ ಅದು ತೆಳ್ಳಗೆ ಏರುತ್ತ ಹೋಗುವುದು ಕೇಳುತ್ತದೆ.

ಮಕ್ಕಳಿಗೆ ಆಡಲು ಕೊಡಬಹುದಾ?

ಅಮೆರಿಕದ ರೇಟಿಂಗ್ ಪ್ರಕಾರ ಇದು ಹದಿಹರೆಯದವರ ಆಟ. ರಕ್ತ ಇಲ್ಲ, ರಾಕ್‌ಪೋರ್ಟ್ ಬೀದಿಗಳಲ್ಲಿ ನಡೆದಾಡುವ ಜನರೂ ಇಲ್ಲ, ಹಾಗಾಗಿ ಯಾರಿಗೂ ಗುದ್ದುವ ಪ್ರಶ್ನೆ ಬರುವುದಿಲ್ಲ. ಹನ್ನೆರಡು ಹದಿಮೂರು ದಾಟಿದ ಮಕ್ಕಳ ಜೊತೆ ಕೂತು ಆಡಿ.

ಒಂದು ವಿಷಯ ಮಾತ್ರ ಮನೆಯಲ್ಲಿ ಬಿಚ್ಚಿ ಮಾತಾಡಬೇಕು. ಪೊಲೀಸರನ್ನು ತಪ್ಪಿಸುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಪರದೆಯ ಮೇಲಷ್ಟೇ. ನಮ್ಮ ರಸ್ತೆಯಲ್ಲಿ ನಡೆದಾಡುವ ಜನ ಇದ್ದಾರೆ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ ಕಾನೂನಿದೆ.

ಮಾಡ್ ಹಾಕಿ ಆಡಲಾ, ಹಾಗೇ ಆಡಲಾ?

ಮೊದಲ ಸಲ ಹಾಗೇ ಆಡಿ. ವೈಡ್‌ಸ್ಕ್ರೀನ್ ಫಿಕ್ಸ್ ಒಂದು ಸಾಕು. ಹೊಸ ಕಾರು, ಹೊಳೆಯುವ ರಸ್ತೆ, ಹೊಸ ಬೆಳಕು ಹಾಕುವ ದೊಡ್ಡ ಮಾಡ್‌ಗಳು ಬಹಳ ಇವೆ, ಅಭಿಮಾನಿಗಳು ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅದು, ಗೌರವ ಇದೆ. ಆದರೆ ಆ ಹಳದಿ ಮಂಕು ಬೆಳಕು, ಊರಿನ ರೋಸ್‌ವುಡ್ ಭಾಗದ ರಸ್ತೆಯಲ್ಲಿ ಕಾರು ಹೋದಾಗ ಏಳುವ ಒಣಎಲೆ, ಕ್ಯಾಮ್ಡೆನ್ ಬೀಚಿನ ಇಳಿಜಾರು, ಇವು ಮೊದಲು ಕಣ್ಣಿಗೆ ಬೀಳಬೇಕಾದದ್ದು ಮೂಲ ರೂಪದಲ್ಲೇ. ಶುರುವಿನಲ್ಲೇ ಎಲ್ಲ ಕಾರು ಬಿಡಿಸಿಕೊಡುವ, ದುಡ್ಡು ತುಂಬಿಸುವ ಟ್ರೇನರ್‌ಗಳ ಹತ್ತಿರ ಹೋಗಲೇಬೇಡಿ. ಕಳೆದುಕೊಳ್ಳುವ ಭಯ ಹೋದರೆ ಪೊಲೀಸರೂ ಬರೀ ಗದ್ದಲ ಆಗುತ್ತಾರೆ.

ಪಟ್ಟಿ ಪೂರ್ತಿ ಮುಗಿಸಿದೆ. ಇನ್ನೇನು ಆಡುವುದು?

ಮುಖ್ಯ ಕಥೆ ಇಪ್ಪತ್ತು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಆಮೇಲೆ ಚಾಲೆಂಜ್ ಸೀರೀಸ್ ತೆರೆಯಿರಿ, ಅಲ್ಲಿ 68 ಸವಾಲು ಇವೆ. ಕಾರು ಅವರೇ ಕೊಡುತ್ತಾರೆ, ಇಷ್ಟು ನಿಮಿಷದಲ್ಲಿ ಇಷ್ಟು ಹಾನಿ ಮಾಡಿ ತಪ್ಪಿಸಿಕೋ, ಇಷ್ಟು ರೋಡ್‌ಬ್ಲಾಕ್ ದಾಟು ಅನ್ನುವಂಥವು. ಕೊನೆಯ ಹತ್ತಿಪ್ಪತ್ತು ನಿಜಕ್ಕೂ ಗಟ್ಟಿ. ಇಎಯ ಆನ್‌ಲೈನ್ ಸರ್ವರ್ ಯಾವತ್ತೋ ಮುಚ್ಚಿದೆ, ಆದರೆ ಒಂದೇ ಮನೆಯ ಎರಡು ಕಂಪ್ಯೂಟರ್ ಜೋಡಿಸಿ ಲ್ಯಾನ್‌ನಲ್ಲಿ ರೇಸ್ ಆಡಲು ಈಗಲೂ ಬರುತ್ತದೆ. ಎರಡರಲ್ಲೂ ಒಂದೇ ಪ್ಯಾಚ್ ಇರಬೇಕು. ಒಂದು ಕಂಪ್ಯೂಟರಿಗೆ ಇನ್ನೊಂದು ಕಾಣದಿದ್ದರೆ ವಿಂಡೋಸ್ ಫೈರ್‌ವಾಲ್‌ನಲ್ಲಿ ಆಟಕ್ಕೆ ಅನುಮತಿ ಕೊಟ್ಟಿದ್ದೀರಾ ನೋಡಿ, ಹೆಚ್ಚಿನ ಸಲ ತಡೆ ಇರುವುದು ಅಲ್ಲೇ.